ಚಿಕ್ಕಮಗಳೂರಿಗೆ 08262, ಬೇಲೂರಿಗೆ 08177: ಸ್ಥಿರ ದೂರವಾಣಿಯ ಸಂಖ್ಯೆ ಊರು ದಾಟುವುದಿಲ್ಲವೇಕೆ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿಪುಡಿ ಅಂಗಡಿ. ತಂದೆಯವರ ಕಾಲದಿಂದಲೂ ಒಂದೇ ಲ್ಯಾಂಡ್‌ಲೈನ್ ಸಂಖ್ಯೆ ಇದ್ದು, ಪೊಟ್ಟಣಗಳ ಮೇಲೂ ಅದೇ ಅಚ್ಚಾಗುತ್ತ ಬಂದಿದೆ. ಈಗ ಅಂಗಡಿಯನ್ನು ಬೇಲೂರಿಗೆ ಸ್ಥಳಾಂತರಿಸಲಿದ್ದೇವೆ. ಅಲ್ಲಿಗೆ ಈ ಸಂಖ್ಯೆ ಬರುವುದಿಲ್ಲ, ಕೋಡ್ ಬೇರೆ ಎನ್ನುತ್ತಾರೆ. ಮೊಬೈಲ್ ಸಂಖ್ಯೆ ದೇಶವಿಡೀ ನಮ್ಮ ಜೊತೆಗೇ ಬರುವಾಗ ಇಪ್ಪತ್ತೈದು ಕಿಲೋಮೀಟರ್ ದೂರದ ಊರಿಗೆ ಇದಕ್ಕೇಕೆ ಅಡ್ಡಿ? ಈ ಕೋಡ್‌ಗಳನ್ನು ಹಂಚಿದವರು ಯಾರು, ಯಾವ ಆಧಾರದ ಮೇಲೆ? ಎಸ್‌ಟಿಡಿ ಕೋಡ್‌ಗಳೇ ರದ್ದಾಗುತ್ತವೆ ಎಂಬ ಸುದ್ದಿ ನಿಜವೇ?

ಉತ್ತರ: ತಮಗೆ ಸಿಕ್ಕಿರುವ ಮಾಹಿತಿ ಸರಿಯಾಗಿದೆ. ಇಂದಿನ ನಿಯಮದಂತೆ ಚಿಕ್ಕಮಗಳೂರಿನ ಸ್ಥಿರ ದೂರವಾಣಿ ಸಂಖ್ಯೆ ಬೇಲೂರಿನಲ್ಲಿ ನಡೆಯುವುದಿಲ್ಲ. ಇದಕ್ಕೆ ತಂತ್ರಜ್ಞಾನದ ಅಸಾಧ್ಯತೆಯಾಗಲಿ, ಎರಡು ಊರುಗಳು ಎರಡು ಜಿಲ್ಲೆಗಳಲ್ಲಿ ಇರುವುದಾಗಲಿ ಮುಖ್ಯ ಕಾರಣವಲ್ಲ. ಎಸ್‌ಟಿಡಿ ಕೋಡ್ ಗುರುತಿಸುವುದು ಕರೆಯ ಶುಲ್ಕವನ್ನು ಲೆಕ್ಕ ಹಾಕಲು ಎಳೆದ ಒಂದು ಗಡಿಯನ್ನು. ಆ ಲೆಕ್ಕದ ಪದ್ಧತಿ ಬಳಕೆಯಿಂದ ಹೋಗಿ ಬಹಳ ಕಾಲವಾಗಿದ್ದರೂ ಗಡಿ ಮಾತ್ರ ಹಾಗೆಯೇ ಉಳಿದುಕೊಂಡಿದೆ. ತಮ್ಮ ತೊಂದರೆಯ ಮೂಲ ಇರುವುದು ಅಲ್ಲಿ.

ಮೊದಲು ಸಂಖ್ಯೆಯ ರಚನೆಯನ್ನು ನೋಡೋಣ. 08262 ಎಂದು ನಾವು ಬರೆಯುವುದರಲ್ಲಿ ಮೊದಲ ಸೊನ್ನೆ ಕೋಡ್‌ನ ಭಾಗವಲ್ಲ. ಸ್ಥಳೀಯ ವಲಯದ ಹೊರಗೆ ಕರೆ ಹೋಗಬೇಕಾಗಿದೆ ಎಂದು ವಿನಿಮಯ ಕೇಂದ್ರಕ್ಕೆ, ಅಂದರೆ ಎಕ್ಸ್‌ಚೇಂಜಿಗೆ, ಅದು ತಿಳಿಸುತ್ತದೆ. ನಿಜವಾದ ಕೋಡ್ 8262. ಅದರ ಮುಂದೆ ಆರು ಅಂಕಿಗಳ ಚಂದಾದಾರ ಸಂಖ್ಯೆ ಸೇರಿದರೆ ಒಟ್ಟು ಹತ್ತು ಅಂಕಿಗಳಾಗುತ್ತವೆ. ಈ ಹತ್ತರ ಮೊತ್ತ ದೇಶದಾದ್ಯಂತ ಒಂದೇ. ಬೆಂಗಳೂರಿನ ಕೋಡ್ 80 ಎರಡೇ ಅಂಕಿಗಳದ್ದಾದ್ದರಿಂದ ಅಲ್ಲಿನ ಸಂಖ್ಯೆಗಳಿಗೆ ಎಂಟು ಅಂಕಿ, ಮೈಸೂರಿನ 821ಕ್ಕೆ ಮೂರು ಅಂಕಿಗಳಿರುವುದರಿಂದ ಅಲ್ಲಿ ಏಳು, ಹಾಸನದ 8172ಕ್ಕೂ ತಮ್ಮ 8262ಕ್ಕೂ ಆರು. ಊರು ದೊಡ್ಡದಾಗಿ ಚಂದಾದಾರರು ಹೆಚ್ಚಿದಷ್ಟೂ ಕೋಡ್ ಚಿಕ್ಕದಾಗಬೇಕು ಎಂಬುದು ಇದರ ಹಿಂದಿನ ಲೆಕ್ಕ. ಬೆಂಗಳೂರಿನ ಕೋಡ್ ಹಿಂದೆ 0812 ಆಗಿದ್ದು, 1990ರ ದಶಕದಲ್ಲಿ 080 ಆದದ್ದನ್ನು ಹಳೆಯ ಲೆಟರ್‌ಹೆಡ್‌ಗಳನ್ನು ಇಟ್ಟುಕೊಂಡವರು ಈಗಲೂ ತೋರಿಸಬಲ್ಲರು.

ಇನ್ನು ಗಡಿಯ ವಿಷಯ. ದೂರಸಂಪರ್ಕದ ಸಲುವಾಗಿ ದೇಶವನ್ನು 322 ದೀರ್ಘದೂರ ಶುಲ್ಕ ವಲಯಗಳಾಗಿಯೂ, ಅವುಗಳೊಳಗೆ 2,600ಕ್ಕೂ ಹೆಚ್ಚು ಅಲ್ಪದೂರ ಶುಲ್ಕ ವಲಯಗಳಾಗಿಯೂ ವಿಂಗಡಿಸಲಾಗಿದೆ. ಇಲಾಖೆಯವರು ಮಾತಿನಲ್ಲಿ ಇವನ್ನು ಎಲ್‌ಡಿಸಿಎ, ಎಸ್‌ಡಿಸಿಎ ಎನ್ನುತ್ತಾರೆ. ಒಂದೊಂದು ಅಲ್ಪದೂರ ವಲಯಕ್ಕೆ ಒಂದೊಂದು ಎಸ್‌ಟಿಡಿ ಕೋಡ್. ನಮ್ಮ ಕಡೆಯ ಕೋಡ್‌ಗಳನ್ನು ಸಾಲಾಗಿಟ್ಟು ನೋಡಿದರೆ ವಿಂಗಡಣೆ ತಾನಾಗಿ ಕಾಣುತ್ತದೆ: ಹಾಸನ 08172, ಸಕಲೇಶಪುರ 08173, ಅರಸೀಕೆರೆ 08174, ಹೊಳೆನರಸೀಪುರ 08175, ಚನ್ನರಾಯಪಟ್ಟಣ 08176, ಬೇಲೂರು 08177. ಇವೆಲ್ಲವೂ 817ರ ಗುಂಪು, ಅಂದರೆ ಹಾಸನದ ದೀರ್ಘದೂರ ವಲಯ. ತರೀಕೆರೆ 08261, ಚಿಕ್ಕಮಗಳೂರು 08262, ಮೂಡಿಗೆರೆ 08263, ಕೊಪ್ಪ 08265, ನರಸಿಂಹರಾಜಪುರ 08266, ಕಡೂರು 08267 ಇವು 826ರ ಗುಂಪು. ವಲಯದ ಕೇಂದ್ರ ಊರಿಗೆ ಕೊನೆಯ ಅಂಕಿ 2 ಬರುವುದು ಹಾಸನ, ಚಿಕ್ಕಮಗಳೂರುಗಳಲ್ಲಿ ಮಾತ್ರವಲ್ಲ, ಶಿವಮೊಗ್ಗದ 08182, ಮಂಡ್ಯದ 08232, ಮಡಿಕೇರಿಯ 08272ರಲ್ಲಿಯೂ ಕಾಣುತ್ತದೆ.

ಈ ವಲಯಗಳು ಬಹುಮಟ್ಟಿಗೆ ತಾಲ್ಲೂಕುಗಳನ್ನು ಅನುಸರಿಸುತ್ತವೆ, ಆದರೆ ಪೂರ್ತಿಯಾಗಿ ಅಲ್ಲ. ಶೃಂಗೇರಿ ಪ್ರತ್ಯೇಕ ತಾಲ್ಲೂಕಾದರೂ ಅದರ ಕೋಡ್ ಕೊಪ್ಪದ 08265. ಅರಕಲಗೂಡು ಹೊಳೆನರಸೀಪುರದ 08175ರಲ್ಲಿ ಸೇರಿದೆ. ರಾಜ್ಯದ ಗಡಿಯನ್ನೂ ಈ ವ್ಯವಸ್ಥೆ ಲೆಕ್ಕಿಸಿಲ್ಲ. ಸೊನ್ನೆಯ ನಂತರ 8 ಬಂದರೆ ಅದು ಕರ್ನಾಟಕ ಎಂದು ಅನೇಕರು ತಿಳಿದಿದ್ದಾರೆ. ಆದರೆ ಆಂಧ್ರಪ್ರದೇಶದ ವಿಜಯವಾಡ 0866, ವಿಶಾಖಪಟ್ಟಣ 0891. ಬೆಳಗಾವಿಯ 0831ರ ಪಕ್ಕದಲ್ಲೇ ಕುಳಿತಿರುವ 0832 ಗೋವಾದ್ದು. ಹೀಗಾಗಿ ಬೇಲೂರು ಹಾಸನ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ತಮ್ಮ ಸಂಖ್ಯೆ ನಿಲ್ಲುತ್ತಿದೆ ಎಂದುಕೊಳ್ಳುವುದು ಬೇಡ. ತಾವು ಜಿಲ್ಲೆಯ ಒಳಗೇ ಮೂಡಿಗೆರೆಗೋ ಕಡೂರಿಗೋ ಹೋಗಿದ್ದರೂ ಇದೇ ಉತ್ತರ ಸಿಗುತ್ತಿತ್ತು.

ಇಂಥ ವಿಂಗಡಣೆ ಏಕೆ ಬೇಕಾಯಿತು ಎಂಬುದಕ್ಕೆ ಟ್ರಂಕ್ ಕಾಲ್‌ಗಳ ಕಾಲಕ್ಕೆ ಹೋಗಬೇಕು. ಆಗ ಪರಊರಿಗೆ ಮಾತಾಡಬೇಕಾದವರು ಎಕ್ಸ್‌ಚೇಂಜಿಗೆ ಕರೆ ಮಾಡಿ, ಊರು ಮತ್ತು ಸಂಖ್ಯೆ ಹೇಳಿ, ಕರೆ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ನಿರ್ದಿಷ್ಟ ವ್ಯಕ್ತಿಯೇ ಸಿಗಬೇಕೆಂದರೆ ಪಿ.ಪಿ. ಕಾಲ್. ಯಾವ ಮಾರ್ಗದಲ್ಲಿ ಲೈನ್ ಜೋಡಿಸಬೇಕು, ಎಷ್ಟು ನಿಮಿಷವಾಯಿತು, ದೂರಕ್ಕೆ ತಕ್ಕಂತೆ ಎಷ್ಟು ಹಣ ಎಂಬುದನ್ನೆಲ್ಲ ಆಪರೇಟರೇ ನೋಡಿಕೊಂಡು ಚೀಟಿ ಬರೆಯುತ್ತಿದ್ದರು. 1960ರ ನವೆಂಬರ್‌ನಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ದೇಶದ ಮೊದಲ ಎಸ್‌ಟಿಡಿ ಆರಂಭವಾದಾಗ, ಅಂದರೆ ಚಂದಾದಾರರೇ ನೇರವಾಗಿ ಪರಊರಿನ ಸಂಖ್ಯೆ ತಿರುಗಿಸುವ ಸೌಲಭ್ಯ ಬಂದಾಗ, ಆಪರೇಟರ್ ಮಾಡುತ್ತಿದ್ದ ಈ ಕೆಲಸಗಳೆಲ್ಲ ಯಂತ್ರದ ಪಾಲಿಗೆ ಬಂದವು. ಆ ಕಾಲದ ಯಂತ್ರಕ್ಕೆ ಊರಿನ ಹೆಸರು ತಿಳಿಯದು, ದಾಖಲೆ ತೆಗೆದು ನೋಡಲು ಗಣಕವೂ ಇಲ್ಲ. ತಿರುಗಿಸಿದ ಮೊದಲ ಕೆಲವು ಅಂಕಿಗಳಿಂದಲೇ ಅದು ಮಾರ್ಗವನ್ನೂ ದರವನ್ನೂ ತೀರ್ಮಾನಿಸಬೇಕಿತ್ತು. ಆದ್ದರಿಂದ ಆ ಅಂಕಿಗಳಲ್ಲಿಯೇ ಭೂಗೋಳವನ್ನು ಅಡಕಮಾಡಲಾಯಿತು. 8 ಬಂದೊಡನೆ ದೇಶದ ಈ ಭಾಗ, 82 ಬಂದರೆ ಕರಾವಳಿ, ಮಲೆನಾಡು, ಮೈಸೂರು ಸೀಮೆಯ ಒಂದು ತುಂಡು, 826 ಬಂದರೆ ಚಿಕ್ಕಮಗಳೂರು, ನಾಲ್ಕನೆಯ ಅಂಕಿಗೆ ಅದರೊಳಗಿನ ಊರು ಎಂಬಂತೆ ಕರೆ ಹಂತಹಂತವಾಗಿ ಇಳಿಯುತ್ತಿತ್ತು.

ದರದ ಲೆಕ್ಕ ಇನ್ನೂ ಸ್ವಾರಸ್ಯಕರ. ಪ್ರತಿ ಚಂದಾದಾರನ ಲೈನಿಗೂ ಎಕ್ಸ್‌ಚೇಂಜಿನಲ್ಲಿ ಒಂದು ಮೀಟರ್ ಇದ್ದು, ಕರೆ ನಡೆಯುತ್ತಿದ್ದಂತೆ ಅದಕ್ಕೆ ಮಿಡಿತಗಳು, ಅಂದರೆ ಪಲ್ಸ್‌ಗಳು ಹೋಗುತ್ತಿದ್ದವು. ಒಂದು ಪಲ್ಸಿಗೆ ಒಂದು ಯೂನಿಟ್. ಯೂನಿಟ್ಟಿನ ಬೆಲೆ ಬದಲಾಗುತ್ತಿರಲಿಲ್ಲ. ದೂರ ಹೆಚ್ಚಿದಂತೆ ಪಲ್ಸ್‌ಗಳ ನಡುವಿನ ಅಂತರ ಕಿರಿದಾಗುತ್ತಿತ್ತು. ಸ್ಥಳೀಯ ಕರೆಗೆ ನಿಮಿಷಗಳ ಲೆಕ್ಕದಲ್ಲಿ ಬರುತ್ತಿದ್ದ ಪಲ್ಸ್, ದೆಹಲಿಗೆ ಮಾತಾಡುವಾಗ ಸೆಕೆಂಡುಗಳ ಲೆಕ್ಕದಲ್ಲಿ ಬರುತ್ತಿತ್ತು. ಎಸ್‌ಟಿಡಿ ಬೂತಿನ ಕೆಂಪು ಅಂಕಿಗಳ ಪೆಟ್ಟಿಗೆ ದೂರದೂರಿನ ಕರೆಗೆ ದಡದಡನೆ ಓಡುತ್ತಿದ್ದುದೂ, ಅದನ್ನು ನೋಡುತ್ತ ಮಾತು ಮೊಟಕುಗೊಳಿಸುತ್ತಿದ್ದುದೂ ಇದೇ ಕಾರಣಕ್ಕೆ. ರಾತ್ರಿಯ ಹೊತ್ತು ದರ ಅರ್ಧಕ್ಕೆ, ಇನ್ನೂ ತಡವಾದರೆ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಹಾಸ್ಟೆಲ್‌ಗಳ ಎದುರಿನ ಬೂತುಗಳಲ್ಲಿ ರಾತ್ರಿಯೇ ಜನ ಸೇರುತ್ತಿದ್ದುದು ಅದರಿಂದ.

ಇಲ್ಲಿ ದೂರವೆಂದರೆ ಮನೆಯಿಂದ ಮನೆಗೆ ಇರುವ ದೂರವಲ್ಲ, ರಸ್ತೆಯ ದೂರವೂ ಅಲ್ಲ. ಪ್ರತಿ ಶುಲ್ಕ ವಲಯಕ್ಕೂ ಒಂದು ಕೇಂದ್ರಬಿಂದುವನ್ನು ನಿಗದಿಪಡಿಸಿ, ಆ ಬಿಂದುಗಳ ನಡುವಿನ ನೇರ ಅಂತರವನ್ನು ಲೆಕ್ಕಕ್ಕೆ ಹಿಡಿಯಲಾಗುತ್ತಿತ್ತು. ಹೀಗಾಗಿ ವಲಯದ ಅಂಚಿನ ಹಳ್ಳಿಯಿಂದ ಎದುರಿಗೆ ಕಾಣುವ ಹಳ್ಳಿಗೆ ಕರೆ ಮಾಡಿದರೂ ಅದು ಒಂದು ವಲಯದ ಕೇಂದ್ರದಿಂದ ಇನ್ನೊಂದರ ಕೇಂದ್ರಕ್ಕೆ ಹೋದ ಕರೆಯಾಗಿಯೇ ಮೀಟರಿನಲ್ಲಿ ದಾಖಲಾಗುತ್ತಿತ್ತು. ಚಿಕ್ಕಮಗಳೂರಿಗೂ ಬೇಲೂರಿಗೂ ನಡುವೆ ಇರುವ ತೋಟಗಳವರಿಗೆ ಇದರ ಬಿಸಿ ಹೆಚ್ಚು ತಟ್ಟಿತ್ತು. ಪಕ್ಕದ ವಲಯಗಳಿಗೆ ಸ್ಥಳೀಯ ದರದ ರಿಯಾಯಿತಿ ಬಂದದ್ದು ಕ್ರಮೇಣ. ಒಂದು ಹಂತದಲ್ಲಿ ಹತ್ತಿರದ ವಲಯಗಳಿಗೆ ಸೊನ್ನೆಯ ಬದಲು 95 ಒತ್ತಿ ಕಡಿಮೆ ದರದಲ್ಲಿ ಮಾತಾಡುವ ಪದ್ಧತಿಯೂ ಇತ್ತು. ಅದು ಹೋಗಿ, ಈಗ 95ರಿಂದ ಮೊಬೈಲ್ ಸಂಖ್ಯೆಗಳೇ ಆರಂಭವಾಗುತ್ತವೆ.

ಸಣ್ಣ ಊರುಗಳಿಗೆ ಸ್ವಯಂಚಾಲಿತ ಎಕ್ಸ್‌ಚೇಂಜ್ ಬರುವುದಕ್ಕೆ 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ದೊಡ್ಡ ಕಾರಣ. ಹವಾನಿಯಂತ್ರಣ ಬೇಡದ, ಗ್ರಾಮಾಂತರದ ಧೂಳು, ಸೆಕೆ ತಡೆಯುವ 128 ಲೈನ್‌ಗಳ ಅದರ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಕೆಲಸ ಆರಂಭಿಸಿತು. ಅಂಥ ಎಕ್ಸ್‌ಚೇಂಜ್‌ಗಳು ಹೋಬಳಿಗಳನ್ನು ಮುಟ್ಟಿದಂತೆ ಕೋಡ್‌ಗಳೂ ಜನರ ಬಾಯಲ್ಲಿ ನೆಲೆಯಾದವು.

ಆಡಳಿತ ಬದಲಾದದ್ದನ್ನು ಚುಟುಕಾಗಿ ಹೇಳುತ್ತೇನೆ. ಅಂಚೆ ಮತ್ತು ತಂತಿ ಇಲಾಖೆ 1985ರಲ್ಲಿ ಎರಡಾಗಿ ದೂರಸಂಪರ್ಕ ಇಲಾಖೆ ಬೇರೆಯಾಯಿತು. 1994ರ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. 1997ರಲ್ಲಿ ನಿಯಂತ್ರಣ ಪ್ರಾಧಿಕಾರವಾಗಿ ಟ್ರಾಯ್ ಬಂತು. 2000ದ ಅಕ್ಟೋಬರ್ 1ರಂದು ಇಲಾಖೆಯ ಸೇವಾ ವಿಭಾಗವು ಬಿಎಸ್‌ಎನ್‌ಎಲ್ ಆಯಿತು. ಇದರಲ್ಲಿ ತಮ್ಮ ಪ್ರಶ್ನೆಗೆ ಮುಖ್ಯವಾದದ್ದು ಹೊಣೆಯ ಹಂಚಿಕೆ. ಸಂಖ್ಯೆಗಳು ಸರ್ಕಾರದ ಸ್ವತ್ತು. ರಾಷ್ಟ್ರೀಯ ಸಂಖ್ಯಾ ಯೋಜನೆಯನ್ನು ರೂಪಿಸುವುದು, ಯಾವ ಕಂಪನಿಗೆ ಯಾವ ಸರಣಿ ಎಂದು ಹಂಚುವುದು ದೂರಸಂಪರ್ಕ ಇಲಾಖೆಯ ಅಧಿಕಾರ. ಟ್ರಾಯ್ ದರಗಳನ್ನು ನಿಯಂತ್ರಿಸುತ್ತದೆ, ಸಂಖ್ಯೆಗಳ ವಿಷಯದಲ್ಲಿ ಶಿಫಾರಸು ಮಾಡುತ್ತದೆ. ಬಿಎಸ್‌ಎನ್‌ಎಲ್ ಆಗಲಿ ಬೇರೆ ಕಂಪನಿಯಾಗಲಿ ಹಂಚಿಕೆಯಾದ ಸರಣಿಯನ್ನು ಬಳಸುವವರು ಮಾತ್ರ. ಆದ್ದರಿಂದ ಸ್ಥಳೀಯ ಕಚೇರಿಯವರು ಮನಸ್ಸು ಮಾಡಿದರೂ ತಮ್ಮ ಸಂಖ್ಯೆಯನ್ನು ಬೇಲೂರಿಗೆ ಒಯ್ಯಲಾರರು. ಕೌಂಟರಿನಲ್ಲಿ ಕುಳಿತವರೊಡನೆ ಈ ಬಗ್ಗೆ ವಾದಿಸುವುದರಿಂದ ಪ್ರಯೋಜನವಿಲ್ಲ.

ಇಂದು ಜಾರಿಯಲ್ಲಿರುವ ಯೋಜನೆ 2003ರದ್ದು. ಅದರ ಗುರುತು ತಮ್ಮ ಸಂಖ್ಯೆಯಲ್ಲಿಯೇ ಇದೆ. ಅದಕ್ಕೂ ಮೊದಲು ಚಿಕ್ಕಮಗಳೂರಿನಲ್ಲಿಯೂ ಹಾಸನದಲ್ಲಿಯೂ ಸಂಖ್ಯೆಗಳು ಐದು ಅಂಕಿಗಳದ್ದಾಗಿದ್ದವು. ಆ ವೇಳೆಗೆ ಅವುಗಳ ಆರಂಭದಲ್ಲಿ 2 ಸೇರಿಸಿ ಆರು ಮಾಡಲಾಯಿತು. ಒಂದೇ ಊರಿನಲ್ಲಿ ಹಲವು ಕಂಪನಿಗಳು ಸೇವೆ ನೀಡುವ ಕಾಲ ಬಂದಿದ್ದರಿಂದ ಚಂದಾದಾರ ಸಂಖ್ಯೆಯ ಮೊದಲ ಅಂಕಿಯಿಂದಲೇ ಕಂಪನಿ ತಿಳಿಯುವಂತಾಗಲಿ ಎಂದು 2 ಬಿಎಸ್‌ಎನ್‌ಎಲ್‌ಗೆ ಹೋಗಿ, ಮುಂದಿನ ಕೆಲವು ಅಂಕಿಗಳು ಖಾಸಗಿಯವರಿಗೆ ಹೋದವು. ಈ ಹಂಚಿಕೆಯಲ್ಲಿ ಅಡಗಿದ್ದ ದುಂದು ಆಗ ಯಾರಿಗೂ ಚಿಂತೆಯಾಗಲಿಲ್ಲ. ಆರು ಅಂಕಿಗಳ ವಲಯವೊಂದರಲ್ಲಿ 2ರಿಂದ ಆರಂಭವಾಗುವ ಸಂಖ್ಯೆಗಳೇ ಒಂದು ಲಕ್ಷ. 2ರಿಂದ 6ರವರೆಗೆ ಸೇರಿಸಿದರೆ ಐದು ಲಕ್ಷ. ಸಕಲೇಶಪುರಕ್ಕೂ ಅಷ್ಟೇ, ಕೊಪ್ಪಕ್ಕೂ ಅಷ್ಟೇ. ಅಲ್ಲಿ ಅಷ್ಟು ಸ್ಥಿರ ದೂರವಾಣಿಗಳು ಎಂದೂ ಬರಲಿಲ್ಲ, ಬರುವಂತೆಯೂ ಇಲ್ಲ. ಆದರೆ ಒಂದು ವಲಯದಲ್ಲಿ ಮಿಕ್ಕ ಸಂಖ್ಯೆಯನ್ನು ಇನ್ನೊಂದು ವಲಯಕ್ಕೆ ಕೊಡುವಂತಿಲ್ಲ.

ಈ ವಲಯದ ಗಡಿ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಡಬ್ಲ್ಯುಎಲ್‌ಎಲ್ ಫೋನುಗಳ ಪ್ರಕರಣವೇ ಸಾಕ್ಷಿ. ತಂತಿಯಿಲ್ಲದ ಸ್ಥಿರ ದೂರವಾಣಿ ಎಂಬ ಹೆಸರಿನಲ್ಲಿ ಬಂದ ಈ ಸೇವೆಗೆ 2001ರ ಜನವರಿಯ ಮಾರ್ಗಸೂಚಿಗಳು ಸೀಮಿತ ಸಂಚಾರದ ಅನುಮತಿ ನೀಡಿದವು. ಸೀಮಿತವೆಂದರೆ ಒಂದು ಅಲ್ಪದೂರ ಶುಲ್ಕ ವಲಯದ ಒಳಗೆ ಮಾತ್ರ. ಕೈಯಲ್ಲಿ ಹಿಡಿದು ಓಡಾಡಬಹುದಾದ ಫೋನು ಚಿಕ್ಕಮಗಳೂರು ವಲಯದ ಗಡಿ ದಾಟಿದೊಡನೆ ಮೌನವಾಗಬೇಕು ಎಂಬುದು ನಿಯಮವಾಗಿತ್ತು. ದುಬಾರಿ ಪರವಾನಗಿ ಪಡೆದಿದ್ದ ಮೊಬೈಲ್ ಕಂಪನಿಗಳು ಇದನ್ನು ಹಿಂಬಾಗಿಲ ಪ್ರವೇಶವೆಂದು ಆಕ್ಷೇಪಿಸಿ ದೂರಸಂಪರ್ಕ ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋದವು. ಡಬ್ಲ್ಯುಎಲ್‌ಎಲ್ ಕಂಪನಿಗಳು ಗಡಿಯನ್ನು ಸಡಿಲಿಸಲು ದಾರಿ ಹುಡುಕಿದವು. 2003ರ ನವೆಂಬರ್‌ನಲ್ಲಿ ಸರ್ಕಾರ ಸ್ಥಿರ ಮತ್ತು ಮೊಬೈಲ್ ಸೇವೆಗಳೆರಡಕ್ಕೂ ಏಕೀಕೃತ ಪರವಾನಗಿ ತಂದ ಮೇಲೆ ಆ ಜಗಳ ಅರ್ಥ ಕಳೆದುಕೊಂಡಿತು. ದರ ಲೆಕ್ಕಕ್ಕಾಗಿ ಎಳೆದ ಗೆರೆಯೊಂದು ಫೋನಿನ ಸಂಚಾರಕ್ಕೆ ಬೇಲಿಯಾದದ್ದು ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತ್ಯಂತ ವಿಚಿತ್ರ ಘಟ್ಟ.

ತಮ್ಮ ಹೋಲಿಕೆಗೂ ಉತ್ತರ ಇಲ್ಲಿಯೇ ಇದೆ. ಮೊಬೈಲ್ ಸೇವೆಗೆ ಆರಂಭದಿಂದಲೂ ಪರವಾನಗಿ ನೀಡಿದ್ದು ವೃತ್ತಗಳ, ಅಂದರೆ ಸರ್ಕಲ್‌ಗಳ ಆಧಾರದ ಮೇಲೆ. ಕರ್ನಾಟಕವಿಡೀ ಒಂದೇ ವೃತ್ತ. ಮೊಬೈಲ್ ಸಂಖ್ಯೆಯೊಳಗೆ ತಾಲ್ಲೂಕು ಎಂಬುದೇ ಇಲ್ಲ. ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯವು 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂದು, 2015ರ ಜುಲೈನಿಂದ ವೃತ್ತವನ್ನು ದಾಟಿಯೂ ಸಾಧ್ಯವಾಯಿತು. ಸ್ಥಿರ ದೂರವಾಣಿಗೆ ಅಂಥ ಸೌಲಭ್ಯವಿಲ್ಲ. ಇತ್ತ 2006ರ ಮಾರ್ಚ್‌ನಲ್ಲಿ ಬಿಎಸ್‌ಎನ್‌ಎಲ್ ಒನ್ ಇಂಡಿಯಾ ಯೋಜನೆಯಡಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಎಂದು ಘೋಷಿಸಿದಾಗ ದೂರಕ್ಕೆ ತಕ್ಕ ದರ ಎಂಬ ತತ್ತ್ವವೇ ಕುಸಿಯಿತು. ಕೋಡ್‌ನ ಮೂಲ ಉದ್ದೇಶ ಅಂದಿಗೇ ಮುಗಿದಿತ್ತು.

ಇನ್ನು ಕೋಡ್ ರದ್ದಾಗುವ ಸುದ್ದಿ. ಇದರಲ್ಲಿ ಅರ್ಧ ನಿಜವಿದೆ, ಮತ್ತು ಎರಡು ಬೇರೆ ಬೇರೆ ಬೆಳವಣಿಗೆಗಳು ಜನರ ಮಾತಿನಲ್ಲಿ ಒಂದಾಗಿಬಿಟ್ಟಿವೆ. ಮೊದಲನೆಯದು, 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ. ಸೊನ್ನೆಯಿಲ್ಲದೆ ಒತ್ತಿದ ಅಂಕಿಗಳು ಸ್ಥಳೀಯ ಸಂಖ್ಯೆಯೋ ಮೊಬೈಲೋ ಎಂದು ಎಕ್ಸ್‌ಚೇಂಜ್ ಮೊದಲ ಅಂಕಿಯಿಂದಲೇ ಗುರುತಿಸಬೇಕಾದ್ದರಿಂದ ಅನೇಕ ಸರಣಿಗಳನ್ನು ಮೊಬೈಲಿಗೆ ಕೊಡಲಾಗುತ್ತಿರಲಿಲ್ಲ. ಒಂದು ಸೊನ್ನೆಯಿಂದ ಸುಮಾರು 254 ಕೋಟಿ ಹೆಚ್ಚುವರಿ ಸಂಖ್ಯೆಗಳಿಗೆ ಅವಕಾಶವಾಗುತ್ತದೆ ಎಂಬುದು ಅದರ ಸಮರ್ಥನೆ. ಎರಡನೆಯದು, ಟ್ರಾಯ್ 2024ರ ಜೂನ್‌ನಲ್ಲಿ ಸಮಾಲೋಚನಾ ಪತ್ರ ಹೊರಡಿಸಿ, 2025ರ ಫೆಬ್ರವರಿ 6ರಂದು ಸರ್ಕಾರಕ್ಕೆ ಸಲ್ಲಿಸಿದ ಶಿಫಾರಸುಗಳು. ಸ್ಥಿರ ದೂರವಾಣಿ ಸಂಖ್ಯೆಗಳನ್ನು ಅಲ್ಪದೂರ ಶುಲ್ಕ ವಲಯದ ಬದಲು ಇಡೀ ಸೇವಾ ವಲಯದ ಮಟ್ಟದಲ್ಲಿ, ಅಂದರೆ ನಮ್ಮ ಪಾಲಿಗೆ ಕರ್ನಾಟಕ ವೃತ್ತದ ಮಟ್ಟದಲ್ಲಿ, ಹತ್ತು ಅಂಕಿಗಳ ಸಂಖ್ಯೆಗಳಾಗಿ ನಿರ್ವಹಿಸಬೇಕೆಂಬುದು ಅವುಗಳಲ್ಲಿ ಪ್ರಮುಖ. ಅದಕ್ಕೆ ಪೂರ್ವಸಿದ್ಧತೆಯಾಗಿ, ಒಂದು ಸ್ಥಿರ ದೂರವಾಣಿಯಿಂದ ಇನ್ನೊಂದಕ್ಕೆ ಮಾಡುವ ಎಲ್ಲ ಕರೆಗಳನ್ನೂ, ಪಕ್ಕದ ಮನೆಗಾದರೂ, ಸೊನ್ನೆ ಮತ್ತು ಕೋಡ್ ಸೇರಿಸಿಯೇ ಮಾಡಬೇಕು ಎಂದಿದೆ.

ಹೀಗಾದರೆ 8262 ಅಳಿಸಿಹೋಗುವುದಿಲ್ಲ. ಈಗಿರುವ ಚಂದಾದಾರರ ಸಂಖ್ಯೆಗಳು ಬದಲಾಗುವುದಿಲ್ಲವೆಂದು ಟ್ರಾಯ್ ಸ್ಪಷ್ಟಪಡಿಸಿದೆ. ಬದಲಾಗುವುದು ಆ ನಾಲ್ಕು ಅಂಕಿಗಳ ಅರ್ಥ. ಇಂದು ಅವು ಚಿಕ್ಕಮಗಳೂರು ವಲಯವನ್ನು ಸೂಚಿಸುತ್ತವೆ. ಮುಂದೆ ಅವು ಹತ್ತು ಅಂಕಿಗಳ ಸಂಖ್ಯೆಯೊಂದರ ಮೊದಲ ನಾಲ್ಕು ಅಂಕಿಗಳಾಗಿ ಉಳಿಯುತ್ತವೆ. ಒಂದು ವಲಯದಲ್ಲಿ ಕೊಳೆಯುತ್ತಿರುವ ಸಂಖ್ಯೆಗಳು ಇನ್ನೊಂದು ಊರಿಗೆ ಉಪಯೋಗಕ್ಕೆ ಬರುವುದಕ್ಕೂ, ಕೊನೆಗೆ ತಮ್ಮಂಥವರು ಸಂಖ್ಯೆಯೊಡನೆ ಬೇಲೂರಿಗೆ ಹೋಗುವುದಕ್ಕೂ ಇದರಿಂದ ದಾರಿಯಾಗಬಹುದು. ಆದರೆ ಶಿಫಾರಸು ನಿಯಮವಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಬಂದಿರುವ 2023ರ ದೂರಸಂಪರ್ಕ ಕಾಯ್ದೆಯಡಿಯಲ್ಲಿಯೂ ಸಂಖ್ಯೆ ಹಂಚಿಕೆಯ ಅಧಿಕಾರ ಕೇಂದ್ರ ಸರ್ಕಾರದ್ದೇ. ಆದ್ದರಿಂದ ಇದನ್ನು ನಂಬಿ ಅಂಗಡಿಯ ಸ್ಥಳಾಂತರದ ದಿನವನ್ನು ಮುಂದೂಡುವುದನ್ನು ನಾನು ಸೂಚಿಸಲಾರೆ.

ಸದ್ಯಕ್ಕೆ ತಮ್ಮ ಮುಂದೆ ಇರುವ ದಾರಿಗಳಲ್ಲಿ ನನಗೆ ಸೂಕ್ತವೆನಿಸುವುದು, ಚಿಕ್ಕಮಗಳೂರಿನ ಸಂಪರ್ಕವನ್ನು ತಮ್ಮ ಮನೆಗೋ ಅದೇ ವಲಯದಲ್ಲಿ ಉಳಿಯುವ ಗೋದಾಮಿಗೋ ವರ್ಗಾಯಿಸಿಕೊಂಡು, ಬರುವ ಕರೆಗಳನ್ನು ಬೇಲೂರಿನ ಹೊಸ ಸಂಖ್ಯೆಗೋ ಮೊಬೈಲಿಗೋ ಫಾರ್ವರ್ಡ್ ಮಾಡಿಸುವುದು. ವಲಯದ ಒಳಗಿನ ವರ್ಗಾವಣೆಯಲ್ಲಿಯೂ ಎಕ್ಸ್‌ಚೇಂಜ್ ಬದಲಾದರೆ ಸಂಖ್ಯೆ ಬದಲಾಗುವ ಸಾಧ್ಯತೆ ಇರುವುದರಿಂದ ಅರ್ಜಿ ಕೊಡುವ ಮೊದಲೇ ಅದನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಫಾರ್ವರ್ಡ್ ಆದ ಕರೆಯ ಎರಡನೆಯ ಭಾಗದ ಶುಲ್ಕ ತಮ್ಮ ಯೋಜನೆಯಲ್ಲಿ ಸೇರಿದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ. ವ್ಯಾಪಾರ ಹೊರಊರುಗಳಿಗೆ ಹಬ್ಬಿದ್ದರೆ 1800ರಿಂದ ಆರಂಭವಾಗುವ ಉಚಿತ ಕರೆ ಸಂಖ್ಯೆಯನ್ನು ಪಡೆಯಬಹುದು. ಅದು ಯಾವ ವಲಯಕ್ಕೂ ಅಂಟಿಕೊಂಡಿಲ್ಲ, ಆದರೆ ಕರೆಯ ಖರ್ಚು ತಮ್ಮದಾಗುತ್ತದೆ. ಹೊಸ ಪೊಟ್ಟಣ ಅಚ್ಚು ಹಾಕಿಸುವಾಗ ಸಂಖ್ಯೆಯನ್ನು ಆವರಣದಲ್ಲಿ ಸೊನ್ನೆಯೊಡನೆ ಬರೆಯುವ ಹಳೆಯ ಕ್ರಮವನ್ನು ಬಿಟ್ಟು, +91 ಎಂದು ಆರಂಭಿಸಿ, ಸೊನ್ನೆಯಿಲ್ಲದ ಕೋಡ್ ಮತ್ತು ಆರು ಅಂಕಿಗಳನ್ನು ಬರೆಸಿದರೆ ಮೊಬೈಲಿನಿಂದಲೂ ಹೊರದೇಶದಿಂದಲೂ ಅದನ್ನು ಇದ್ದಂತೆಯೇ ಒತ್ತಬಹುದು. ಮುಂದೆ ಹತ್ತು ಅಂಕಿಗಳ ವ್ಯವಸ್ಥೆ ಬಂದರೂ ಪೊಟ್ಟಣವನ್ನು ಮತ್ತೆ ತಿದ್ದಿಸಬೇಕಾಗುವುದಿಲ್ಲ.